ನಮ್ಮ ಬುಟ್ಟಿ ತುಂಬಿಸುವ ಸಣ್ಣ ಜೀವಿಗಳು



ಕಾರವಾರದ ರವಿವಾರದ ಸಂತೆಯನ್ನು ನೀವು ನೋಡಿದ್ದೀರಿ. ಅಲ್ಲಿ ಕುಳಿತು ಮಾರಿದವರೂ ನಿಮ್ಮಲ್ಲಿ ಇರಬಹುದು. ಅಂಕೋಲೆಯ ಹಾಲಕ್ಕಿ ಅಕ್ಕ ಬುಟ್ಟಿ ಇಳಿಸುತ್ತಾಳೆ. ಅದರಲ್ಲಿ ಮೊಗೆಕಾಯಿ, ಹೀರೆಕಾಯಿ, ಕುಂಬಳಕಾಯಿ. ಬೇಸಿಗೆಯಾದರೆ ಇಶಾಡು ಮಾವಿನ ಹಣ್ಣು, ಗೇರುಬೀಜ. ಆ ಕಡೆ ಮೀನು ಮಾರುವ ಬಾಯಿ ಕುಳಿತಿದ್ದಾಳೆ. ಅವಳ ಬುಟ್ಟಿಯಲ್ಲಿ ಬಂಗಡೆ, ಸೀಗಡಿ, ಏಡಿ.

ಈ ಬುಟ್ಟಿಗಳನ್ನು ತುಂಬಿಸಿದವರು ಯಾರು?

"ಇನ್ಯಾರು? ನಾವೇ" ಅಂತ ನೀವು ಹೇಳುತ್ತೀರಿ. ಅದು ನಿಜ. ಉತ್ತವರು, ಬಿತ್ತವರು, ನೀರು ಹೊತ್ತವರು ನೀವೇ. ಆದರೆ ಅದು ಅರ್ಧ ನಿಜ. ಉಳಿದ ಅರ್ಧ ಕೆಲಸ ಮಾಡಿದವರು ಬೇರೆ ಇದ್ದಾರೆ. ಅವರು ಕೂಲಿ ಕೇಳುವುದಿಲ್ಲ, ಸಂತೆಗೂ ಬರುವುದಿಲ್ಲ. ನಮ್ಮ ಕಣ್ಣಿಗೆ ಬಿದ್ದರೆ ನಾವು ಪೊರಕೆ ಹಿಡಿದು ಓಡಿಸುತ್ತೇವೆ!

ಅವರೇ ಹುಳುಗಳು. ಅವುಗಳ ಬಂಧು ಬಳಗದ ಬಗ್ಗೆ ಈ ಪಾಠದಲ್ಲಿ ತಿಳಿಯೋಣ.

ಕಾಲು ಎಣಿಸಿ, ಹೆಸರು ಹೇಳಿ

ಒಂದು ಏಡಿಯ ಕಾಲನ್ನು ನೋಡಿ. ಅದರಲ್ಲಿ ಗಂಟು ಗಂಟು ಇದೆ. ಇರುವೆಯ ಕಾಲಿನಲ್ಲೂ ಗಂಟು ಇದೆ. ಜೇಡನ ಕಾಲಿನಲ್ಲೂ ಇದೆ. ಗಂಟು ಎಂದರೆ ಸಂಧಿ. ಅದಕ್ಕೇ ಇವುಗಳನ್ನೆಲ್ಲ ಸೇರಿಸಿ 'ಸಂಧಿಪದಿಗಳು' ಎನ್ನುತ್ತಾರೆ.

ಇವುಗಳಿಗೆ ನಮ್ಮ ಹಾಗೆ ಮೈಯೊಳಗೆ ಎಲುಬು ಇಲ್ಲ. ಮೈಯ ಹೊರಗೇ ಗಟ್ಟಿ ಕವಚ ಇದೆ. ಮೈ ಬೆಳೆದರೆ ಕವಚ ಬೆಳೆಯುವುದಿಲ್ಲ. ಮಗು ಬೆಳೆದಾಗ ಅಂಗಿ ಬಿಗಿ ಆಗುತ್ತದಲ್ಲ, ಹಾಗೆ. ಆಗ ಹಳೇ ಕವಚ ಕಳಚುತ್ತದೆ. ಒಳಗಿನಿಂದ ಹೊಸದು ಬರುತ್ತದೆ. ಕೆಲವೊಮ್ಮೆ ಮೆತ್ತನೆಯ ಏಡಿ ಸಿಗುವುದನ್ನು ನೀವು ಕಂಡಿದ್ದೀರಿ. ಅದು ಆಗಷ್ಟೇ ಕವಚ ಬಿಟ್ಟ ಏಡಿ.

ಈಗ ಕಾಲು ಎಣಿಸೋಣ.

ಆರು ಕಾಲು ಇದ್ದರೆ ಅದು ಕೀಟ. ಇರುವೆ, ಜೇನು, ಚಿಟ್ಟೆ, ನೊಣ, ಸೊಳ್ಳೆ, ಗೆದ್ದಲು, ಜಿರಲೆ ಎಲ್ಲ ಕೀಟಗಳೇ.

ಎಂಟು ಕಾಲು ಇದ್ದರೆ ಅದು ಜೇಡನ ಬಳಗ. ಚೇಳು, ದನದ ಮೈಯ ಉಣುಗು ಇವೂ ಜೇಡನ ನೆಂಟರು.

ಹತ್ತು ಕಾಲು ಇದ್ದರೆ ಅದು ಏಡಿ, ಸೀಗಡಿಗಳ ಬಳಗ. ಏಡಿಯ ಎರಡು ಕೊಂಡಿಗಳನ್ನೂ ಕಾಲೆಂದೇ ಎಣಿಸಬೇಕು.

ಇನ್ನೂ ಹೆಚ್ಚು ಕಾಲು ಇದ್ದರೆ ಅದು ಶತಪದಿ ಅಥವಾ ಸಹಸ್ರಪದಿ.

ಬಳಚು, ಎರೆಹುಳ ಈ ಬಳಗಕ್ಕೆ ಸೇರುವುದಿಲ್ಲ. ಯಾಕೆ? ಅವಕ್ಕೆ ಗಂಟಿನ ಕಾಲು ಇಲ್ಲ.

ಕೀಟಗಳಲ್ಲಿ ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟದ್ದೇ ಸುಮಾರು 10 ಲಕ್ಷ ಜಾತಿ. ಹೆಸರಿಡದೆ ಉಳಿದವು ಇನ್ನೆಷ್ಟೋ. ಭೂಮಿಯ ಮೇಲಿನ ಪ್ರಾಣಿಗಳಲ್ಲಿ ಈ ಬಳಗದ್ದೇ ಬಹುಮತ!

ಹೂ ಬಿಟ್ಟಿತು, ಕಾಯಿ ಯಾಕಿಲ್ಲ?

ಒಂದೊಂದು ವರ್ಷ ಹೀಗೆ ಆಗುತ್ತದೆ. ಬಳ್ಳಿ ಚೆನ್ನಾಗಿ ಹಬ್ಬುತ್ತದೆ. ಹಳದಿ ಹೂ ತುಂಬುತ್ತದೆ. ನಮಗೆ ಖುಷಿ. ಆದರೆ ಎಳೆ ಕಾಯಿ ಬೆಳೆಯುವುದೇ ಇಲ್ಲ. ಹಳದಿಯಾಗಿ ಉದುರಿ ಬೀಳುತ್ತದೆ. "ಯಾರದೋ ಕಣ್ಣು ಬಿತ್ತು" ಅಂತ ನಾವು ಅಂದುಕೊಳ್ಳುತ್ತೇವೆ.

ಅದು ಯಾರ ಕಣ್ಣೂ ಅಲ್ಲ. ಬಳ್ಳಿಯನ್ನು ಹತ್ತಿರದಿಂದ ನೋಡಿ. ಮೊಗೆ, ಸೌತೆ, ಕುಂಬಳ, ಹೀರೆ ಬಳ್ಳಿಗಳಲ್ಲಿ ಎರಡು ತರಹದ ಹೂ ಇರುತ್ತದೆ. ಒಂದು ಗಂಡು ಹೂ, ಇನ್ನೊಂದು ಹೆಣ್ಣು ಹೂ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಆದರೆ ಗಂಡು ಹೂವಿನಲ್ಲಿ ಹಳದಿ ಪುಡಿ ಇರುತ್ತದೆ. ಅದು ಪರಾಗ. ಆ ಪುಡಿ ಹೆಣ್ಣು ಹೂವಿಗೆ ತಾಗಬೇಕು. ತಾಗಿದರೆ ಕಾಯಿ ಬೆಳೆಯುತ್ತದೆ. ತಾಗದಿದ್ದರೆ ಉದುರುತ್ತದೆ.

ಹೂವಿಗೆ ಕಾಲಿಲ್ಲ. ಪುಡಿಯನ್ನು ಒಯ್ಯುವವರು ಯಾರು? ಜೇನು ಮತ್ತು ಬೇರೆ ಕೀಟಗಳು. ಅವು ಬರುವುದು ಸಿಹಿ ಕುಡಿಯಲಿಕ್ಕೆ. ಕುಡಿಯುವಾಗ ಮೈಗೆ ಪುಡಿ ಮೆತ್ತುತ್ತದೆ. ಮುಂದಿನ ಹೂವಿಗೆ ಹೋದಾಗ ಅಲ್ಲಿ ಉದುರುತ್ತದೆ. ಇದೇ ಪರಾಗಸ್ಪರ್ಶ.

ಎಲ್ಲ ಹೂವಿಗೂ ಒಂದೇ ಹೊತ್ತಲ್ಲ. ಕುಂಬಳದ ಹೂ ನಸುಕಿನಲ್ಲಿ ಅರಳುತ್ತದೆ. ಮಧ್ಯಾಹ್ನದೊಳಗೆ ಮುಚ್ಚುತ್ತದೆ. ಹೀರೆಯ ಹೂ ಸಂಜೆ ಅರಳುತ್ತದೆ. ಪಡವಲದ ಬಿಳಿ ಹೂ ರಾತ್ರಿ ಅರಳುತ್ತದೆ. ಅದಕ್ಕೆ ರಾತ್ರಿ ಹಾರುವ ಪತಂಗ ಬರುತ್ತದೆ. ನಾವು ಮಲಗಿದಾಗಲೂ ನಮ್ಮ ಹಿತ್ತಲಲ್ಲಿ ಕೆಲಸ ನಡೆಯುತ್ತಿದೆ ನೋಡಿ!

ಮಾವಿನ ಹೂವಿಗೆ ನೊಣಗಳೂ ಬರುತ್ತವೆ, ಸಣ್ಣ ಜೇನೂ ಬರುತ್ತದೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಂದರೆ ಇದು ಈ ಊರಿನದೇ ಹಣ್ಣು ಅಂತ ಸರ್ಕಾರ ಒಪ್ಪಿತು. ನಮಗೆಲ್ಲ ಹೆಮ್ಮೆ. ಆದರೆ ಆ ಹೂವಿನ ಮೇಲೆ ನೊಣ ಕೂರದಿದ್ದರೆ ಹಣ್ಣೆಲ್ಲಿ? ಮಾನ್ಯತೆಯ ಕಾಗದದಲ್ಲಿ ನೊಣದ ಹೆಸರಿಲ್ಲ ಅಷ್ಟೆ.

ಭತ್ತಕ್ಕೆ ಈ ಸಹಾಯ ಬೇಡ. ಅದು ತಾನೇ ಕಾಳು ಕಟ್ಟುತ್ತದೆ. ಆದರೆ ಭತ್ತಕ್ಕೆ ಬೇರೆ ಸಹಾಯ ಬೇಕು. ಅದನ್ನು ಮುಂದೆ ನೋಡೋಣ.

ಜೇನು ಸತ್ತ ವರ್ಷ

ನಮ್ಮ ಕಡೆ ಹಲವು ಬಗೆಯ ಜೇನು ಇದೆ. ಎತ್ತರದ ಮರದಲ್ಲಿ ಹೆಜ್ಜೇನು. ಪೊದೆಯ ಕೋಲಿಗೆ ಕಟ್ಟುವ ಕೋಲುಜೇನು. ಮರದ ಪೊಟರೆಯಲ್ಲಿ, ಪೆಟ್ಟಿಗೆಯಲ್ಲಿ ಇರುವ ತುಡವೆ ಜೇನು. ಗೋಡೆಯ ಸಂದಿನಲ್ಲಿ ಇರುವ, ಚುಚ್ಚದ ಮಿಸರಿ ಜೇನು.

1991-92ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ತುಡವೆ ಜೇನಿಗೆ ಒಂದು ರೋಗ ಬಂತು. ಅದು ವೈರಸ್ ರೋಗ. ಗೂಡಿನೊಳಗಿನ ಮರಿಗಳು ಚೀಲದ ಹಾಗೆ ಊದಿ ಸತ್ತವು. ಪೆಟ್ಟಿಗೆಗಳು ಬರಿದಾದವು. ಜೇನು ಸಾಕಿ ನಾಲ್ಕು ಕಾಸು ನೋಡುತ್ತಿದ್ದ ಮನೆಗಳ ಆದಾಯ ನಿಂತಿತು. ಮತ್ತೆ ಜೇನು ಹೆಚ್ಚಲು ವರ್ಷಗಳೇ ಹಿಡಿದವು.

ಜೇನು ಹೋದರೆ ಬರೀ ಜೇನುತುಪ್ಪ ಹೋಯಿತು ಅಂತ ತಿಳಿಯಬೇಡಿ. ಮೊಗೆಕಾಯಿಯೂ ಕಡಿಮೆ, ಕುಂಬಳವೂ ಕಡಿಮೆ, ಕಲ್ಲಂಗಡಿಯೂ ಕಡಿಮೆ. ಬುಟ್ಟಿ ಹಗುರಾಗುತ್ತದೆ.

ಮರದ ಮೇಲಿನ ಕಾವಲುಗಾರರು

ಮಾವು, ಗೇರು ಮರದಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆ ಗೊತ್ತಲ್ಲ? ಅದೇ ಚಗಳಿ. ಕಚ್ಚಿದರೆ ಉರಿ ಉರಿ. ನಮ್ಮ ಜಿಲ್ಲೆಯ ಕಾಡಿನ ಊರುಗಳಲ್ಲಿ ಇದರ ಚಟ್ನಿ ಮಾಡಿ ತಿನ್ನುವವರಿದ್ದಾರೆ.

ಮರ ಹತ್ತುವವರಿಗೆ ಚಗಳಿ ಶತ್ರು. ಆದರೆ ಮರಕ್ಕೆ ಅದು ಕಾವಲುಗಾರ. ಎಲೆ ತಿನ್ನುವ ಹುಳು, ರಸ ಹೀರುವ ತಿಗಣೆ ಇವನ್ನೆಲ್ಲ ಹಿಡಿದು ಗೂಡಿಗೆ ಎಳೆಯುತ್ತದೆ. ಚೀನಾ ದೇಶದ ದಕ್ಷಿಣದಲ್ಲಿ ಸುಮಾರು 1700 ವರ್ಷಗಳ ಹಿಂದೆಯೇ ರೈತರು ಇದನ್ನು ಕಂಡುಕೊಂಡಿದ್ದರು. ಅವರು ಸಂತೆಯಲ್ಲಿ ಚಗಳಿ ಗೂಡನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಕಿತ್ತಳೆ ಜಾತಿಯ ಮರಗಳಿಗೆ ಕಟ್ಟುತ್ತಿದ್ದರು. ನಮಗೆ ಅದು ಪುಕ್ಕಟೆ ಸಿಕ್ಕಿದೆ. ನಾವು ಬೆಂಕಿ ಹಿಡಿದು ಸುಡುತ್ತೇವೆ.

ಗದ್ದೆಯಲ್ಲಿ ಕಾವಲು ಜೇಡನದ್ದು. ಭತ್ತದ ಬುಡದಲ್ಲಿ ಕಂದು ಜಿಗಿಹುಳು ಕೂತು ರಸ ಹೀರುತ್ತದೆ. ಪೈರು ಸುಟ್ಟ ಹಾಗೆ ಆಗುತ್ತದೆ. ಈ ಜಿಗಿಹುಳುವನ್ನು ಹಿಡಿಯುವುದು ಜೇಡ. ಗದ್ದೆಯ ಒಂದು ಜಾತಿಯ ಜೇಡ ದಿನಕ್ಕೆ 5ರಿಂದ 15 ಹುಳು ತಿನ್ನಬಲ್ಲದು. ನಾವು ವಿಷ ಹೊಡೆದರೆ ಏನಾಗುತ್ತದೆ? ಜೇಡ ಸಾಯುತ್ತದೆ. ಜಿಗಿಹುಳುವೂ ಸಾಯುತ್ತದೆ. ಆದರೆ ಅದರ ಮೊಟ್ಟೆ ಪೈರಿನ ದಂಟಿನೊಳಗೆ ಸುರಕ್ಷಿತ. ಕೆಲವು ದಿನಕ್ಕೆ ಮರಿಗಳು ಹೊರಬರುತ್ತವೆ. ಆಗ ತಿನ್ನಲು ಜೇಡ ಇಲ್ಲ. ಹುಳು ಮೊದಲಿಗಿಂತ ಹೆಚ್ಚುತ್ತದೆ.

ಇಂಡೋನೇಷ್ಯಾ ದೇಶದಲ್ಲಿ ಹೀಗೇ ಆಯಿತು. ವಿಷ ಹೊಡೆದಷ್ಟೂ ಜಿಗಿಹುಳು ಹೆಚ್ಚಿತು. ಕೊನೆಗೆ 1986ರಲ್ಲಿ ಅಲ್ಲಿನ ಸರ್ಕಾರ ಭತ್ತದ ಗದ್ದೆಗೆ 57 ಬಗೆಯ ಕೀಟನಾಶಕ ಹೊಡೆಯಬಾರದು ಎಂದು ಆಜ್ಞೆ ಮಾಡಿತು. ರೈತರಿಗೆ ಗದ್ದೆಯಲ್ಲೇ ಪಾಠ ಹೇಳಿಸಿತು. ಯಾವ ಹುಳು ಗೆಳೆಯ, ಯಾವ ಹುಳು ವೈರಿ ಎಂದು ರೈತರು ಕಲಿತರು. ವಿಷ ಕಡಿಮೆಯಾಯಿತು. ಅಕ್ಕಿ ಕಡಿಮೆಯಾಗಲಿಲ್ಲ.

ನೆಲದೊಳಗಿನ ದುಡಿಮೆ

ಕಾಡಿನಲ್ಲಿ ಪ್ರತಿ ವರ್ಷ ಎಷ್ಟು ಎಲೆ ಬೀಳುತ್ತದೆ! ಕಾಡು ಗುಡಿಸುವವರು ಯಾರೂ ಇಲ್ಲ. ಆದರೂ ಅದು ಗುಡ್ಡೆಯಾಗಿ ಉಳಿಯುವುದಿಲ್ಲ. ಸಹಸ್ರಪದಿ ಎಲೆಯನ್ನು ಕಡಿದು ಪುಡಿ ಮಾಡುತ್ತದೆ. ಗೆದ್ದಲು ಒಣ ಕಟ್ಟಿಗೆಯನ್ನು ಮಣ್ಣು ಮಾಡುತ್ತದೆ. ಸಗಣಿ ಹುಳು ಸಗಣಿಯನ್ನು ಉಂಡೆ ಕಟ್ಟಿ ನೆಲದೊಳಗೆ ಹೂಳುತ್ತದೆ. ಇರುವೆ ಮಣ್ಣನ್ನು ಮೇಲೆ ಕೆಳಗೆ ಮಾಡುತ್ತದೆ. ಮಣ್ಣಿಗೆ ಗಾಳಿ, ನೀರು ಇಳಿಯುತ್ತದೆ. ಇವು ಇಲ್ಲದಿದ್ದರೆ ಕಸದಲ್ಲಿ ನಾವು ಮುಳುಗುತ್ತಿದ್ದೆವು.

ಮನೆಯ ತೊಲೆಗೆ ಗೆದ್ದಲು ಹಿಡಿದರೆ ಬಿಡಿಸಲೇಬೇಕು. ಅದು ಬೇರೆ ಮಾತು. ಕಾಡಿನಲ್ಲಿ ಮಾತ್ರ ಅದರ ಕೆಲಸ ದೊಡ್ಡದು.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯೋಣ. ಅವರು ಶಾಲೆಗೆ ಹೋದವರಲ್ಲ. ಆದರೆ ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳಕೆ ಬರಿಸಬೇಕು ಅಂತ ಅವರಿಗೆ ಗೊತ್ತಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು ಸಾವಿರಾರು ಗಿಡ ಬೆಳೆಸಿದರು. 2021ರಲ್ಲಿ ಬರಿಗಾಲಲ್ಲೇ ದೆಹಲಿಗೆ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಆಯುತ್ತಿದ್ದ ಬೀಜ ಎಲ್ಲಿಂದ ಬಂತು? ಹೂವಿನಿಂದ. ಕಾಡಿನ ಎಷ್ಟೋ ಹೂ ಬೀಜವಾಗುವುದು ಕೀಟಗಳಿಂದ. ಬೀಜ ಹಾಕಿದ ಮಣ್ಣನ್ನು ಹದ ಮಾಡಿದವೂ ಅವೇ. ಕಾಡು ಬೆಳೆಸುವವರ ಜೊತೆಗೆ ಈ ಸಣ್ಣ ಕೈಗಳೂ ದುಡಿಯುತ್ತವೆ.

ನೀರಿನಲ್ಲೂ ಇದೇ ಕತೆ

ಬಂಗಡೆ ಏನು ತಿನ್ನುತ್ತದೆ ಗೊತ್ತೇ? ಸಮುದ್ರದ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಜೀವಿಗಳು ತೇಲುತ್ತಿರುತ್ತವೆ. ಅವು ಸೀಗಡಿಯ ದೂರದ ನೆಂಟರು. ಬಂಗಡೆಗೆ ಅವೇ ಊಟ. ಅವು ಇದ್ದರೆ ಬಂಗಡೆ. ಬಂಗಡೆ ಇದ್ದರೆ ನಮ್ಮ ಬುಟ್ಟಿ.

ಕಾಳಿ ನದಿ, ಗಂಗಾವಳಿ ನದಿ ಸಮುದ್ರ ಸೇರುವ ಕಡೆ ಉಪ್ಪುನೀರು, ಸಿಹಿನೀರು ಬೆರೆಯುತ್ತವೆ. ಅಲ್ಲಿ ಕಾಂಡ್ಲಾ ಗಿಡಗಳಿವೆ. ಅವುಗಳ ಬೇರಿನ ಸಂದಿನಲ್ಲಿ ಸೀಗಡಿ ಮರಿ, ಏಡಿ ಮರಿ ಬೆಳೆಯುತ್ತವೆ. ಅದು ಅವುಗಳ ಬಾಲವಾಡಿ. ಏಡಿ ಕೆಸರಿನಲ್ಲಿ ಬಿಲ ತೋಡುತ್ತದೆ. ಆ ಬಿಲದಿಂದ ಕೆಸರಿನೊಳಗೆ ಗಾಳಿ ಹೋಗುತ್ತದೆ. ಗಿಡದ ಬೇರಿಗೆ ಅದು ಒಳ್ಳೆಯದು. ಗಿಡ ಏಡಿಯನ್ನು ಕಾಯುತ್ತದೆ. ಏಡಿ ಗಿಡವನ್ನು ಕಾಯುತ್ತದೆ. ಕಾಂಡ್ಲಾ ಕಡಿದು ಕಸ ತುಂಬಿದರೆ ಇಬ್ಬರೂ ಹೋಗುತ್ತಾರೆ. ಆಮೇಲೆ ಸೀಗಡಿಯನ್ನು ಎಲ್ಲಿ ಹುಡುಕೋಣ?

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನು ಹಿಡಿಯಲು ನಿಷೇಧ ಇದೆ. ಆ 61 ದಿನ ಮನೆಯಲ್ಲಿ ಕಷ್ಟ, ಗೊತ್ತು. ಮೀನು, ಸೀಗಡಿ ಮರಿ ಮಾಡಿ ಹೆಚ್ಚಲಿ ಎಂದೇ ಈ ನಿಯಮ.

ಕೇಡು ಮಾಡುವವೂ ಇವೆ

ಎಲ್ಲ ಹುಳುವೂ ಒಳ್ಳೆಯದು ಅಂತ ನಾವು ಹೇಳುವುದಿಲ್ಲ. ಅದು ಸುಳ್ಳಾಗುತ್ತದೆ.

ಸೊಳ್ಳೆಯಿಂದ ಮಲೇರಿಯಾ, ಡೆಂಗಿ ಬರುತ್ತದೆ. ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಅದು ಮೊಟ್ಟೆ ಇಡುವುದು ಮನೆಯ ಸುತ್ತ ನಿಂತ ತಿಳಿ ನೀರಿನಲ್ಲಿ. ತೆಂಗಿನ ಚಿಪ್ಪು, ಹಳೇ ಟಯರು, ಮುಚ್ಚದ ಟಾಕಿ ಇವೇ ಅದರ ಮನೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ಪಾತ್ರೆಗಳನ್ನು ಖಾಲಿ ಮಾಡಿ, ತಿಕ್ಕಿ ತೊಳೆದು ಒಣಗಿಸಬೇಕು. ಗದ್ದೆಯ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆ ಸೊಳ್ಳೆಯನ್ನು ತಿನ್ನುತ್ತದೆ. ಅದರ ಮರಿ ನೀರಿನಲ್ಲಿ ಸೊಳ್ಳೆ ಮರಿಯನ್ನು ತಿನ್ನುತ್ತದೆ. ಅದನ್ನು ಹಿಡಿದು ಬಾಲಕ್ಕೆ ದಾರ ಕಟ್ಟಬೇಡಿ ಅಂತ ಮಕ್ಕಳಿಗೆ ಹೇಳಿ.

ಇನ್ನೊಂದು ಉಣುಗು. ಕೆಲವರು ಉಣ್ಣೆ ಎನ್ನುತ್ತಾರೆ. ಕಾಡಿನ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆ. ಈ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಇದು ಜನರನ್ನು ಬಲಿ ತೆಗೆದುಕೊಂಡಿದೆ. ದರಕು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವುದು ಹೆಚ್ಚಾಗಿ ನಾವು ಹೆಂಗಸರೇ. ಹಾಗಾಗಿ ಈ ಮಾತು ನಮಗೇ ಮುಖ್ಯ.

ಬೇಸಿಗೆಯ ತಿಂಗಳುಗಳಲ್ಲಿ ಎಚ್ಚರ ಹೆಚ್ಚು ಬೇಕು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ. ಆರೋಗ್ಯ ಕೇಂದ್ರದಲ್ಲಿ ಉಣುಗು ತಡೆಯುವ ಎಣ್ಣೆ ಕೊಟ್ಟರೆ ಕೈಕಾಲಿಗೆ ಹಚ್ಚಿ. ಬಂದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಬಟ್ಟೆ ತೊಳೆಯಿರಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಹುಳುವಿಗೆ ಹೊಡೆದದ್ದು ಮಕ್ಕಳಿಗೆ ತಾಗಿತು

ಗೇರು ಮರಕ್ಕೆ ಒಂದು ತಿಗಣೆ ಹತ್ತುತ್ತದೆ. ಅದಕ್ಕೆ ಚಹಾ ಸೊಳ್ಳೆ ಎನ್ನುತ್ತಾರೆ. ಚಿಗುರು, ಹೂ, ಎಳೆ ಬೀಜ ಎಲ್ಲ ಕಪ್ಪಾಗಿ ಒಣಗುತ್ತದೆ. ಕಾಸರಗೋಡಿನಲ್ಲಿ ದೊಡ್ಡ ಗೇರು ತೋಟಗಳಿವೆ. ಅಲ್ಲಿನ ಗಡಿ ಹಳ್ಳಿಗಳಲ್ಲಿ ಕನ್ನಡ ಮಾತಾಡುವ ಜನರೂ ಇದ್ದಾರೆ. ಈ ತಿಗಣೆಯನ್ನು ಕೊಲ್ಲಲು ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷ ಸುರಿದರು. ಒಂದು ವರ್ಷ ಅಲ್ಲ, ಇಪ್ಪತ್ತಕ್ಕೂ ಹೆಚ್ಚು ವರ್ಷ. 2000ದವರೆಗೂ ಸುರಿದರು.

ವಿಷ ಗೇರು ಮರದಲ್ಲೇ ನಿಲ್ಲಲಿಲ್ಲ. ಬಾವಿಗೆ ಬಿತ್ತು, ತೋಡಿಗೆ ಬಿತ್ತು, ಮನೆಯ ಮಾಡಿಗೆ ಬಿತ್ತು. ಜೇನು ಸತ್ತಿತು. ಮೀನು, ಕಪ್ಪೆ ಸತ್ತವು. ಅದು ಮೊದಲ ಎಚ್ಚರಿಕೆಯಾಗಿತ್ತು. ಯಾರೂ ಕೇಳಲಿಲ್ಲ. ಆಮೇಲೆ ಮನೆ ಮನೆಯಲ್ಲಿ ಅಂಗವಿಕಲ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು ಹುಟ್ಟಿದರು. ತಾಯಂದಿರು ಬೀದಿಗಿಳಿದು ಹೋರಾಡಿದರು. 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. ದಕ್ಷಿಣ ಕನ್ನಡದಲ್ಲಿ, ಉಡುಪಿಯಲ್ಲಿ, ನಮ್ಮ ಉತ್ತರ ಕನ್ನಡದಲ್ಲೂ ಎಂಡೋಸಲ್ಫಾನ್ ಪೀಡಿತರು ಎಂದು ಗುರುತಿಸಿದ ಕುಟುಂಬಗಳಿವೆ. ಅವರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಆದರೆ ಮಾಸಾಶನದಿಂದ ಮಗು ಎದ್ದು ನಡೆಯುವುದಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದು ಒಂದು. ಜೇನು ಸತ್ತರೆ ಅದು ಜೇನಿನ ಕಷ್ಟ ಮಾತ್ರ ಅಲ್ಲ. ನಮ್ಮ ಬಾಗಿಲಿಗೂ ಅದೇ ಬರುತ್ತಿದೆ ಎಂದು ಅರ್ಥ.

ನಾವು ಏನು ಮಾಡಬಹುದು?

ದೊಡ್ಡ ಕೆಲಸ ಏನಲ್ಲ. ನಮ್ಮ ಕೈಯಲ್ಲಿ ಆಗುವುದೇ ಇದೆ.

ಹುಳು ಕಂಡ ಕೂಡಲೇ ವಿಷ ಹೊಡೆಯಬೇಡಿ. ಮೊದಲು ನೋಡಿ. ಗೆಳೆಯನೋ ವೈರಿಯೋ ತಿಳಿಯಿರಿ. ಹಿತ್ತಲ ಬಳ್ಳಿಯ ಹುಳುವನ್ನು ಕೈಯಿಂದಲೇ ಆರಿಸಿ ತೆಗೆಯಬಹುದು. ಕಹಿಬೇವಿನ ಬೀಜದ ಕಷಾಯ ಸಿಂಪಡಿಸಬಹುದು.

ಹೂ ಅರಳಿದ ಹೊತ್ತಿನಲ್ಲಿ ಯಾವ ಔಷಧವನ್ನೂ ಹೊಡೆಯಬೇಡಿ. ಆಗ ಜೇನು ಬಂದಿರುತ್ತದೆ.

ಹೂ ಇದ್ದೂ ಕಾಯಿ ನಿಲ್ಲದಿದ್ದರೆ ಹೀಗೆ ಮಾಡಿ. ಕುಂಬಳವಾದರೆ ಬೆಳಿಗ್ಗೆ ಬೇಗ ಎದ್ದು ಒಂದು ಗಂಡು ಹೂ ಕೊಯ್ಯಿರಿ. ಎಸಳು ತೆಗೆಯಿರಿ. ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಜೇನಿನ ಕೆಲಸವನ್ನು ನೀವೇ ಮಾಡಿದ ಹಾಗಾಯಿತು. ಒಂದು ಹೊಲಕ್ಕೆಲ್ಲ ಹೀಗೆ ಮಾಡಲು ಹೊರಟರೆ ಜೇನಿನ ಬೆಲೆ ಗೊತ್ತಾಗುತ್ತದೆ!

ಬೇಲಿಯ ಮೇಲೆ ತುಳಸಿ, ಚೆಂಡುಹೂ, ದಾಸವಾಳ ಇರಲಿ. ಬೇರೆ ಬೆಳೆ ಇಲ್ಲದಾಗ ಜೇನಿಗೆ ಅದು ಊಟ.

ಗೋಡೆಯ ಮಿಸರಿ ಗೂಡನ್ನು ಕೆಡವಬೇಡಿ.

ವಿಷದ ಡಬ್ಬಿ ಮೇಲಿನ ಬರಹವನ್ನು ಓದಿ. ಈಗ ನಿಮಗೆ ಓದಲು ಬರುತ್ತದೆ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಇದ್ದರೆ ಅತಿ ಹೆಚ್ಚು ವಿಷ. ಹಳದಿ ಅದಕ್ಕಿಂತ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಆದರೆ ಹಸಿರೂ ವಿಷವೇ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಉಪ್ಪು ಇಡಬೇಡಿ. ಅಂಗಡಿಯವನು ಹೇಳಿದ ಅಂತ ತರಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಮೊಟ್ಟೆ ಹೊತ್ತ ಏಡಿ ಸಿಕ್ಕಿದರೆ ನೀರಿಗೆ ಬಿಡಿ. ಇವತ್ತು ಒಂದು ಏಡಿ ಬಿಟ್ಟರೆ ಮುಂದಿನ ವರ್ಷಕ್ಕೆ ಹಲವು ಏಡಿ.

ಮುಂದಿನ ಸಲ ಸಂತೆಯಲ್ಲಿ ಬುಟ್ಟಿ ಇಳಿಸುವಾಗ ಒಂದು ಗಳಿಗೆ ನೆನೆಯಿರಿ. ಈ ಮೊಗೆಕಾಯಿಗೆ ಒಂದು ಜೇನು ದುಡಿದಿದೆ. ಈ ಮಾವಿಗೆ ಒಂದು ನೊಣ ದುಡಿದಿದೆ. ಈ ಅಕ್ಕಿಯನ್ನು ಒಂದು ಜೇಡ ಕಾದಿದೆ. ಸಂತೆಯಲ್ಲಿ ಬಂದ ದುಡ್ಡು ನಮಗೇ ಇರಲಿ. ಅವಕ್ಕೆ ಬೇಕಾದದ್ದು ದುಡ್ಡಲ್ಲ. ಬದುಕಲು ಒಂದಿಷ್ಟು ಜಾಗ. ಅಷ್ಟೇ.

ಓದಿದ ಮೇಲೆ ಮಾತಾಡೋಣ

1. ನಿಮ್ಮ ಹಿತ್ತಲಲ್ಲಿ ಇವತ್ತು ಯಾವ ಯಾವ ಹುಳು ಕಂಡಿರಿ? ಅವುಗಳ ಕಾಲು ಎಣಿಸಿ ಬರೆಯಿರಿ.

2. ಕುಂಬಳದ ಗಂಡು ಹೂ, ಹೆಣ್ಣು ಹೂ ಗುರುತಿಸಿ ಪಕ್ಕದ ಮನೆಯವರಿಗೆ ತೋರಿಸಿ.

3. ನಿಮ್ಮ ಮನೆಯಲ್ಲಿ ಇರುವ ಔಷಧ ಡಬ್ಬಿಯ ಗುರುತು ಯಾವ ಬಣ್ಣದ್ದು? ಅದು ಮಕ್ಕಳ ಕೈಗೆ ಸಿಗದ ಕಡೆ ಇದೆಯೇ?